ಟ್ಯಾಂಕ್ ಫುಲ್ ಮಾಡ್ಸಿದ್ರೂ ಮುಳ್ಳು ಮುಕ್ಕಾಲಿಗೇ ನಿಲ್ಲುತ್ತೆ, ಬಂಕಲ್ಲಿ ನಾಝಲ್ ಟಕ್ ಟಕ್ ಅಂತ ಕಟ್ ಆಗುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಅಣ್ಣಾ ನಮಸ್ಕಾರ. ನಂದು 2013ರ ಡೀಸೆಲ್ ಪಿಕಪ್, ಶ್ರೀನಿವಾಸಪುರದ ಕಡೆಯಿಂದ ಕೋಲಾರ ಮಂಡಿಗೆ ಟೊಮೆಟೊ ಹೊಡೀತೀನಿ, ರಾತ್ರಿ ಓಡಾಟನೇ ಜಾಸ್ತಿ. ಎರಡು ತೊಂದರೆ ಇದೆ. ಒಂದು, ಫುಲ್ ಟ್ಯಾಂಕ್ ಮಾಡ್ಸಿದ್ರೂ ಡೀಸೆಲ್ ಮುಳ್ಳು ಮುಕ್ಕಾಲು ದಾಟಲ್ಲ, ಲೈಟ್ ಹಾಕಿದ್ರೆ ಇನ್ನೂ ಕೆಳಗೆ ಬರುತ್ತೆ, ಇಂಡಿಕೇಟರ್ ಹಾಕಿದ್ರೆ ಸಣ್ಣಗೆ ಅಲ್ಲಾಡುತ್ತೆ, ಅರ್ಧಕ್ಕೆ ಬಂದಾಗ ಒಂದೊಂದ್ಸಲ ದಪ್ ಅಂತ ಖಾಲಿಗೆ ಬಿದ್ದು ಗುಂಡಿ ಹಾರಿದ್ರೆ ಮತ್ತೆ ಮೇಲೆ ಬರುತ್ತೆ. ಎರಡು, ಬಂಕಲ್ಲಿ ಎರಡು ಲೀಟರಿಗೊಂದ್ಸಲ ನಾಝಲ್ ಕಟ್ ಆಗುತ್ತೆ, ಬಾಯಿಂದ ನೊರೆ ಉಕ್ಕುತ್ತೆ, ಬಂಕ್ ಹುಡುಗರು ನನ್ನ ಗಾಡಿ ನೋಡಿದ್ರೇನೇ ಮುಖ ತಿರುಗಿಸ್ತಾರೆ. ಇಲ್ಲಿ ಒಬ್ರು ಮೀಟರ್ ಬೋರ್ಡ್ ಚೇಂಜ್ ಮಾಡ್ಬೇಕು ಎಂಟು ಸಾವಿರ ಆಗುತ್ತೆ ಅಂದ್ರು. ಮಾಡಿಸ್ಲಾ? ಆಮೇಲೆ ಇನ್ನೊಂದು ಮರೆತಿದ್ದೆ, ಮೂರು ತಿಂಗಳ ಹಿಂದೆ ಡೀಸೆಲಲ್ಲಿ ನೀರು ಬಂತು ಅಂತ ಟ್ಯಾಂಕ್ ಇಳಿಸಿ ಕ್ಲೀನ್ ಮಾಡಿಸಿದ್ದೆ.

ಉತ್ತರ: ಮೀಟರ್ ಬೋರ್ಡಿಗೆ ಈಗಲೇ ಕೈ ಹಾಕ್ಬೇಡಿ. ನೀವು ಇಷ್ಟುದ್ದ ಬರೆದಿದ್ರಲ್ಲಿ ನಂಗೆ ಬೇಕಾಗಿದ್ದು ಕೊನೇಲಿ ಮರೆತಿದ್ದೆ ಅಂತ ಸೇರಿಸಿದ್ರಲ್ಲ, ಆ ಒಂದು ಸಾಲು. ಗಾಡಿ ಟ್ಯಾಂಕ್ ಇಳಿಸಿ ಹತ್ತಿಸಿದ ಮೇಲೆ ಟ್ಯಾಂಕಿಗೆ ಸಂಬಂಧಪಟ್ಟ ಎರಡು ತೊಂದರೆ ಬಂದಿದೆ ಅಂದ್ರೆ ಮೊದಲು ಅನುಮಾನ ಪಡಬೇಕಾಗಿರೋದು ಹತ್ತಿಸಿದ ಕೆಲಸದ ಮೇಲೆ, ಆಮೇಲೆ ಬೇಕಾದ್ರೆ ಡ್ಯಾಶ್‌ಬೋರ್ಡ್ ಬಿಚ್ಚೋಣ. ಆ ಟ್ಯಾಂಕಿನ ಮೇಲ್ಭಾಗದಲ್ಲಿ ಒಂದೂವರೆ ಅಡಿ ಜಾಗದಲ್ಲೇ ಡೀಸೆಲ್ ಮಟ್ಟ ಅಳೆಯೋ ಟ್ಯಾಂಕ್ ಯೂನಿಟ್ಟಿನ ವೈರ್, ಅದರ ಅರ್ತಿಂಗು ಅಂದ್ರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ, ಗಾಳಿ ಹೊರಗೆ ಬಿಡೋ ಬ್ರೀದರ್ ಪೈಪು ಎಲ್ಲಾ ಇರೋದು, ಟ್ಯಾಂಕ್ ಚಾಸಿಗೆ ಕೂತ ಮೇಲೆ ಅಲ್ಲಿಗೆ ಸಲೀಸಾಗಿ ಕೈನೂ ಹೋಗಲ್ಲ ಕಣ್ಣೂ ಹೋಗಲ್ಲ. ಹತ್ತಿಸುವಾಗ ಯಾರೋ ಒಬ್ರು ಕೆಳಗಿಂದ ಜಾಕಿ ಎತ್ತುತಾ ಇರ್ತಾರೆ, ಇನ್ನೊಬ್ರು ಟ್ಯಾಂಕ್ ಕಟ್ಟಿಹಿಡಿಯೋ ಬೆಲ್ಟಿನ ಬೋಲ್ಟ್ ಹಿಡ್ಕೊಂಡು ಬೇಗ ಬೇಗ ಅಂತಿರ್ತಾರೆ, ಮೇಲೆ ಪೈಪ್ ಮಡಚ್ಕೊಂಡಿದ್ಯಾ ವೈರ್ ಸಿಕ್ಕಾಕೊಂಡಿದ್ಯಾ ಅಂತ ನೋಡೋರು ಯಾರು?

ಮೊದಲು ಮುಳ್ಳಿನ ವಿಷಯ. ಟ್ಯಾಂಕ್ ಒಳಗೆ ಒಂದು ತೇಲೋ ಬುರುಡೆ ಇರುತ್ತೆ, ಫ್ಲೋಟ್ ಅಂತೀವಿ, ಅದಕ್ಕೊಂದು ಕಂಬಿ, ಕಂಬಿ ತುದೀಲಿ ಒಂದು ಸಣ್ಣ ತಗಡಿನ ನಾಲಿಗೆ, ಅದು ಕರೆಂಟನ್ನ ತಡೆಯೋ ರೆಸಿಸ್ಟೆನ್ಸ್ ಪಟ್ಟಿ ಮೇಲೆ ಉಜ್ಜುತಾ ಹೋಗುತ್ತೆ. ಇದೆಲ್ಲಾ ಸೇರಿದ್ದೇ ಟ್ಯಾಂಕ್ ಯೂನಿಟ್ಟು. ಹಳೇ ರೇಡಿಯೋಲಿ ವಾಲ್ಯೂಮ್ ತಿರುಗಿಸೋ ಗುಬುಟು ಇರ್ತಿತ್ತಲ್ಲ, ಅದೇ ಥರ. ಡೀಸೆಲ್ ಇಳಿದಂಗೆ ಫ್ಲೋಟ್ ಇಳಿಯುತ್ತೆ, ರೆಸಿಸ್ಟೆನ್ಸ್ ಬದಲಾಗುತ್ತೆ, ಮುಂದೆ ಮುಳ್ಳು ಅದನ್ನೇ ತೋರಿಸುತ್ತೆ. ರೆಸಿಸ್ಟೆನ್ಸ್ ಅಳೆಯೋದು ಓಮಲ್ಲಿ, ಈ ಓಮ್ ಲೆಕ್ಕ ಎಲ್ಲಾ ಗಾಡಿಗೂ ಒಂದೇ ಅಲ್ಲ, ಕೆಲವು ಕಂಪನಿದು ಖಾಲೀಲಿ 10 ಓಮ್ ಫುಲ್‌ನಲ್ಲಿ 180 ಓಮ್, ಇನ್ನು ಕೆಲವು ಖಾಲೀಲಿ 0 ಫುಲ್‌ನಲ್ಲಿ 90, ಮತ್ತೆ ಕೆಲವು ಪೂರ್ತಿ ಉಲ್ಟಾ, ಖಾಲೀಲಿ 240 ಫುಲ್‌ನಲ್ಲಿ 33. ಅದಕ್ಕೇ ಗುಜರಿ ಅಂಗಡಿಯಿಂದ ಬೇರೆ ಗಾಡಿ ಯೂನಿಟ್ ತಂದು ಹಾಕಿದ್ರೆ ಟ್ಯಾಂಕ್ ತುಂಬಿದಾಗ ಖಾಲಿ ಅಂತಲೂ ಖಾಲಿ ಆದಾಗ ಫುಲ್ ಅಂತಲೂ ತೋರ್ಸೋದು, ಅಂಥ ಗಾಡಿ ಒಂದು ನಮ್ಮ ಶೆಡ್ಡಿಗೆ ಬಂದಿತ್ತು, ಡ್ರೈವರ್ರು ಪಾಪ ಉಲ್ಟಾ ಓದೋದನ್ನೇ ಅಭ್ಯಾಸ ಮಾಡ್ಕೊಂಡಿದ್ದ.

ನೀವು ಹೇಳಿರೋ ಲಕ್ಷಣ ನೋಡಿದ್ರೆ ನಿಮ್ಮದು ಖಾಲಿ ಆದಂಗೆ ಓಮ್ ಏರೋ ಜಾತಿ ಅನ್ಸುತ್ತೆ. ಯಾಕೆ ಅಂದ್ರೆ, ಆ ಜಾತೀಲಿ ಸರ್ಕ್ಯೂಟಲ್ಲಿ ಎಲ್ಲೇ ಸುಮ್ಮನೆ ರೆಸಿಸ್ಟೆನ್ಸ್ ಸೇರ್ಕೊಂಡ್ರೂ ಮುಳ್ಳು ಇರೋದಕ್ಕಿಂತ ಕಮ್ಮಿನೇ ತೋರಿಸ್ಬೇಕು, ಮತ್ತೆ ಕನೆಕ್ಷನ್ನೇ ಬಿಟ್ಟೋದ್ರೆ ನೇರ ಖಾಲಿಗೆ ಬೀಳಬೇಕು. ನಿಮಗೆ ಎರಡೂ ಆಗ್ತಿದೆ. ಅದಕ್ಕಿಂತ ದೊಡ್ಡ ಸುಳಿವು ಲೈಟು ಇಂಡಿಕೇಟರು. ಡೀಸೆಲ್ ಮುಳ್ಳಿಗೂ ಇಂಡಿಕೇಟರಿಗೂ ಏನ್ರೀ ಸಂಬಂಧ? ಹೆಚ್ಚಾಗಿ ಇರೋದು ಒಂದೇ ಸಂಬಂಧ, ಅರ್ತಿಂಗು. ಹಿಂದಿನ ಟೈಲ್ ಲ್ಯಾಂಪು, ಇಂಡಿಕೇಟರು, ಟ್ಯಾಂಕ್ ಯೂನಿಟ್ಟು ಮೂರೂ ಸಾಮಾನ್ಯವಾಗಿ ಚಾಸಿ ಮೇಲೆ ಒಂದೇ ಬೋಲ್ಟಿಗೆ ಬಂದು ಸೇರ್ತಿರುತ್ತೆ. ಆ ಬೋಲ್ಟ್ ತುಕ್ಕು ಹಿಡಿದಿದ್ರೆ ಲೈಟ್ ಹಾಕಿದಾಗ ಅದರ ಕರೆಂಟ್ ಸರಾಗವಾಗಿ ವಾಪಸ್ ಹೋಗಕ್ಕೆ ಆಗ್ದೆ ಆ ಜಾಗದಲ್ಲಿ ವೋಲ್ಟೇಜ್ ಏರುತ್ತೆ, ಪಾಪ ಟ್ಯಾಂಕ್ ಯೂನಿಟ್ಟೂ ಅದರ ಜೊತೆ ಮೇಲೆ ಹೋಗುತ್ತೆ, ಮುಳ್ಳು ಕೆಳಗೆ ಬರುತ್ತೆ. ನೀವು ರಾತ್ರಿ ಓಡ್ಸೋರು, ಲೈಟ್ ಯಾವಾಗಲೂ ಹಾಕಿರುತ್ತೆ, ಹಂಗಾಗಿ ನಿಮಗೆ ಇದು ಜಾಸ್ತಿ ಕಾಣುತ್ತೆ. ಹಗಲು ಓಡ್ಸೋರಿಗೆ ಇದೇ ಗಾಡೀಲಿ ಇದೇ ಫಾಲ್ಟ್ ಗೊತ್ತಾಗದೇ ಇರಬಹುದು.

ಚೆಕ್ ಮಾಡೋದು ಸುಲಭ, ಮುನ್ನೂರು ನಾನ್ನೂರು ರೂಪಾಯಿ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿ ರೇಂಜಿಗೆ ಹಾಕಿ, ಕಪ್ಪು ವೈರನ್ನ ಬ್ಯಾಟರಿ ನೆಗೆಟಿವ್ ಕಂಬಕ್ಕೇ ಹಿಡೀರಿ, ಬೇಕಾದ್ರೆ ಉದ್ದ ವೈರ್ ಸೇರಿಸ್ಕೊಳಿ, ಕೆಂಪನ್ನ ಟ್ಯಾಂಕ್ ಯೂನಿಟ್ಟಿನ ಅರ್ತಿಂಗ್ ವೈರ್ ಚಾಸಿ ಬೋಲ್ಟಿಗೆ ಬಂದು ಸೇರೋ ರಿಂಗ್ ಟರ್ಮಿನಲ್ಲಿಗೆ. ಕೀ ಆನ್ ಮಾಡಿ, ಲೈಟ್ ಹಾಕಿ, ಒಬ್ರನ್ನ ಬ್ರೇಕ್ ತುಳಿಯಕ್ಕೆ ಹೇಳಿ. ಅರ್ತಿಂಗ್ ಚೆನ್ನಾಗಿದ್ರೆ ಮೀಟರ್ 0.1 ವೋಲ್ಟಿನ ಒಳಗೇ ಇರುತ್ತೆ. ಅರ್ಧ ವೋಲ್ಟು, ಒಂದು ವೋಲ್ಟು ತೋರ್ಸಿದ್ರೆ ಕಳ್ಳ ಸಿಕ್ಕಿದ ಅಂತ ಅರ್ಥ. ಮೀಟರ್ ಇಲ್ಲ ಅಂದ್ರೆ ಇನ್ನೂ ಸುಲಭ, ಬ್ಯಾಟರಿ ನೆಗೆಟಿವ್‌ನಿಂದ ಒಂದು ಉದ್ದ ದಪ್ಪ ವೈರ್ ಎಳ್ದು ಯೂನಿಟ್ ಅರ್ತಿಂಗಿಗೆ ಮುಟ್ಟಿಸಿ, ಮುಳ್ಳು ಮೇಲೆ ಎದ್ದು ನಿಂತ್ಕೊಂಡ್ರೆ ಮುಗೀತು.

ಸರಿ ಮಾಡೋದು ಹೆಂಗೆ ಅಂದ್ರೆ, ಬೋಲ್ಟ್ ಬಿಚ್ಚಿ, ರಿಂಗ್ ಟರ್ಮಿನಲ್ಲು ಚಾಸಿ ಎರಡನ್ನೂ ಉಪ್ಪುಕಾಗದದಲ್ಲಿ ಹೊಳೆಯೋ ಕಬ್ಬಿಣ ಕಾಣೋವರೆಗೂ ಉಜ್ಜಿ, ಟೈಟ್ ಮಾಡಿ, ಆಮೇಲೆ ಮೇಲೆ ಗ್ರೀಸ್ ಬಳೀರಿ. ಮೊದಲೇ ಗ್ರೀಸ್ ಬಳಿದು ಆಮೇಲೆ ಟೈಟ್ ಮಾಡೋರೂ ಇದಾರೆ, ನಂಗೆ ಅದು ಸರಿ ಅನ್ಸಲ್ಲ. ಯೂನಿಟ್ಟಿಗೆ ಬೇರೇನೇ ಒಂದು ಅರ್ತಿಂಗ್ ವೈರ್ ಹಾಕಿಬಿಟ್ರೆ ಇನ್ನೂ ಒಳ್ಳೇದು. ಟ್ಯಾಂಕ್ ಕಬ್ಬಿಣದ್ದೇ ಅಲ್ವಾ ಅದಕ್ಕೆ ಅದೇ ಅರ್ತ್ ಆಗುತ್ತೆ ಅಂತ ಕೆಲವರು ಹೇಳ್ತಾರೆ, ಆಗಲ್ಲ, ಟ್ಯಾಂಕ್ ಕೂತಿರೋದು ರಬ್ಬರ್ ಪ್ಯಾಡ್ ಮೇಲೆ, ಬೆಲ್ಟಿಗೂ ರಬ್ಬರ್ ಪಟ್ಟಿ ಇರುತ್ತೆ, ಮೇಲಿಂದ ಪೇಂಟ್ ಬೇರೆ. ಪ್ಲಾಸ್ಟಿಕ್ ಟ್ಯಾಂಕಾದ್ರಂತೂ ಕೇಳೋದೇ ಬೇಡ.

ಇಲ್ಲಿ ನನ್ನದೇ ಒಂದು ಪೆದ್ದು ಕೆಲಸ ಹೇಳ್ಬೇಕು. ಶೆಡ್ ಹಾಕಿದ ಹೊಸದರಲ್ಲಿ ಒಂದು ಗಾಡಿ ಬಂತು, ಇದೇ ಕಂಪ್ಲೇಂಟು, ಫುಲ್ ಏರ್ತಿರಲಿಲ್ಲ. ನಾನು ಮೀಟರ್ ಬೋರ್ಡ್ ಬಿಚ್ಚಿ ಗೇಜ್ ಚೇಂಜ್ ಮಾಡಿದೆ, ಆಗ್ಲಿಲ್ಲ. ಟ್ಯಾಂಕ್ ಯೂನಿಟ್ ಚೇಂಜ್ ಮಾಡಿದೆ, ಅದೂ ಆಗ್ಲಿಲ್ಲ. ಓನರ್ರು ಒಳ್ಳೆ ಮನುಷ್ಯ, ಬೆಂಚ್ ಮೇಲೆ ಟೀ ಕುಡೀತಾ ಕೂತಿದ್ದವರು ಮೂರನೇ ದಿನ ಮೆಲ್ಲಗೆ ಕೇಳಿದ್ರು, ಗಾಡಿಗೆ ಪೇಂಟ್ ಹೊಡೆಸಿದ ಮೇಲೆ ಹಿಂಗಾಗಿದ್ದು ಅಂತ ನಿಮಗೆ ಹೇಳಿದ್ನಾ ಅಂತ. ಪೇಂಟರ್ ಅರ್ತಿಂಗ್ ಬೋಲ್ಟ್ ಬಿಚ್ಚಿ ಕೆಳಗೂ ಬಣ್ಣ ಹೊಡ್ದು ಮೇಲೆ ಬೋಲ್ಟ್ ಹಾಕಿದ್ದ. ಅಷ್ಟೇ. ಎರಡು ಪಾರ್ಟ್‌ನ ದುಡ್ಡು ನಾನೇ ಹೊತ್ಕೊಂಡೆ. ಅವತ್ತಿಂದ ಯಾವ ಗಾಡಿ ಬಂದ್ರೂ ನನ್ನ ಮೊದಲ ಪ್ರಶ್ನೆ ಇದಕ್ಕೆ ಮುಂಚೆ ಯಾರು ಏನು ಬಿಚ್ಚಿದ್ರು ಅಂತಲೇ.

ಅರ್ತಿಂಗ್ ಸರಿ ಮಾಡಿದ ಮೇಲೂ ಅರ್ಧಕ್ಕೆ ಬಂದಾಗ ದಪ್ ಅಂತ ಬೀಳೋದು ನಿಲ್ಲಲಿಲ್ಲ ಅಂದ್ರೆ ಯೂನಿಟ್ ಕಡೆ ಹೋಗ್ಬೇಕು. ಅದಕ್ಕೆ ಮುಂಚೆ ಮೀಟರ್ ಬೋರ್ಡ್ ಚೆನ್ನಾಗಿದ್ಯಾ ಇಲ್ವಾ ಅಂತ ಎರಡು ನಿಮಿಷದಲ್ಲಿ ನೋಡ್ಬಹುದು. ಯೂನಿಟ್ ಸಾಕೆಟ್ ಬಿಚ್ಚಿ, ಕೀ ಆನ್ ಮಾಡಿ, ನಿಮ್ಮ ಜಾತಿ ಗಾಡೀಲಿ ಮುಳ್ಳು ಪೂರ್ತಿ ಖಾಲಿಗೆ ಹೋಗ್ಬೇಕು. ಈಗ ಗಾಡಿ ಕಡೆ ಸಾಕೆಟ್ಟಲ್ಲಿ ಗೇಜ್ ವೈರಿಗೂ ಅರ್ತಿಂಗಿಗೂ ಮಧ್ಯೆ ಒಂದು ರೆಸಿಸ್ಟರ್ ಸಿಕ್ಸಿ, ಎಲೆಕ್ಟ್ರಾನಿಕ್ಸ್ ಅಂಗಡೀಲಿ ಐದು ವ್ಯಾಟಿನ 47 ಓಮಿಂದು, 100 ಓಮಿಂದು ಹತ್ತು ಹದಿನೈದು ರೂಪಾಯಿಗೆ ಸಿಗುತ್ತೆ. ಮುಳ್ಳು ಮಧ್ಯದಲ್ಲಿ ಎಲ್ಲಾದ್ರೂ ಬಂದು ಅಲ್ಲಾಡದೆ ನಿಂತ್ರೆ, ಬೇರೆ ಓಮ್ ಹಾಕಿದಾಗ ಬೇರೆ ಜಾಗಕ್ಕೆ ಹೋಗಿ ನಿಂತ್ರೆ, ಮೀಟರ್ ಬೋರ್ಡೂ ಚೆನ್ನಾಗಿದೆ ಮಧ್ಯದ ವೈರೂ ಚೆನ್ನಾಗಿದೆ, ನಿಮ್ಮ ಎಂಟು ಸಾವಿರ ಉಳೀತು. ಒಂದು ನಿಮಿಷ ಕಾಯಿರಿ ಮಾತ್ರ, ಕೆಲವು ಗೇಜು ಒಳಗೆ ಬಿಸಿಯಾಗಿ ಬಾಗೋ ಪಟ್ಟಿ ಇರೋದು, ನಿಧಾನಕ್ಕೆ ಏರುತ್ತೆ. ಹಳೇ ಮೆಕ್ಯಾನಿಕ್‌ಗಳು ರೆಸಿಸ್ಟರ್ ಗಿಸಿಸ್ಟರ್ ಏನೂ ಇಲ್ಲದೆ ವೈರನ್ನ ನೇರ ಚಾಸಿಗೆ ತಾಗಿಸಿ ನೋಡ್ತಿದ್ರು, ಹಳೇ ಗಾಡಿಗೆ ಒಂದು ಕ್ಷಣ ನಡೆಯುತ್ತೆ, ಆದ್ರೆ ಹೊಸ ಗಾಡೀಲಿ ಆ ವೈರ್ ಕಂಪ್ಯೂಟರ್ ಬಾಕ್ಸಿಗೆ ಹೋಗಿರುತ್ತೆ, ಅಲ್ಲಿ ಈ ಆಟ ಬೇಡ. ಇನ್ನೊಂದು, ಡೀಸೆಲ್ ಮುಳ್ಳಿನ ಜೊತೆ ಟೆಂಪರೇಚರ್ ಮುಳ್ಳೂ ತಪ್ಪು ತೋರಿಸ್ತಿದ್ರೆ ಮಾತ್ರ ಮೀಟರ್ ಬೋರ್ಡಿನ ಸಪ್ಲೈ ಕಡೆ ಅನುಮಾನ ಪಡಿ. ನೀವು ಆ ಮುಳ್ಳಿನ ಬಗ್ಗೆ ಏನೂ ಹೇಳಿಲ್ಲ, ಸರಿ ಇದೆ ಅಂದ್ಕೊಂಡಿದೀನಿ.

ಈಗ ಯೂನಿಟ್. ಟ್ಯಾಂಕ್ ಹೆಂಗೂ ಇಳಿಸಲೇಬೇಕಾಗುತ್ತೆ, ಯಾಕಂತ ಕೆಳಗೆ ಹೇಳ್ತೀನಿ, ಇಳಿಸಿದಾಗ ಇದನ್ನೂ ನೋಡಿ. ಯೂನಿಟ್ಟನ್ನ ಹೊರಗೆ ತೆಗೆದು ಒರೆಸಿ, ಮೀಟರನ್ನ ಓಮ್ಸ್ ರೇಂಜಿಗೆ ಹಾಕಿ ಎರಡು ಟರ್ಮಿನಲ್ಲಿಗೆ ಕ್ಲಿಪ್ ಮಾಡಿ, ಕಂಬಿಯನ್ನ ಬೆರಳಲ್ಲಿ ತುಂಬಾ ನಿಧಾನಕ್ಕೆ ಕೆಳಗಿಂದ ಮೇಲಕ್ಕೆ ಎತ್ತಿ. ನಂಬರ್ ಮೆಟ್ಟಿಲು ಇಳಿದಂಗೆ ಒಂದೊಂದೇ ಇಳೀಬೇಕು. ಮಧ್ಯದಲ್ಲಿ ಎಲ್ಲೋ ಒಂದು ಕೂದಲೆಳೆ ಜಾಗದಲ್ಲಿ ಮೀಟರ್ ಒಂದು ಕ್ಷಣ ಬ್ಲಾಂಕ್ ಆಗಿ ಮತ್ತೆ ಬರುತ್ತೆ ನೋಡಿ, ಅದೇ ನಿಮ್ಮ ದಪ್ ಅಂತ ಬೀಳೋ ಜಾಗ. ಅರ್ಧದ ಹತ್ರಾನೇ ಯಾಕೆ ಅಂದ್ರೆ ನಮ್ಮ ಗಾಡಿಗಳು ಜೀವಮಾನ ಎಲ್ಲಾ ಕಾಲು ಮುಕ್ಕಾಲಿನ ಮಧ್ಯೆನೇ ಓಡಿರುತ್ತೆ, ಗುಂಡಿ ರಸ್ತೇಲಿ ಫ್ಲೋಟ್ ಕುಣಿದು ಕುಣಿದು ಆ ಜಾಗಾನೇ ಸವೆದಿರುತ್ತೆ. ಸ್ವಲ್ಪ ಸವೆದಿದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡ್ದು, ಆ ತಗಡಿನ ನಾಲಿಗೇನ ಒಂಚೂರು ಒಳಕ್ಕೆ ಒತ್ತಿದ್ರೆ ಕೆಲವು ತಿಂಗಳು ಓಡುತ್ತೆ. ಆದ್ರೆ ಟ್ಯಾಂಕ್ ಇಳಿಸೋ ಕೂಲಿ ಎರಡನೇ ಸಲ ಕೊಡೋ ಬದಲು ಹೊಸ ಯೂನಿಟ್ಟೇ ಹಾಕ್ಸಿ ಅಂತ ನಾನು ಹೇಳೋದು. ಹಳೇದರ ಕಂಬಿ ಬಾಗಿರೋ ರೀತಿ ಹೊಸದಕ್ಕೆ ಪಕ್ಕದಲ್ಲಿಟ್ಟು ಹೋಲಿಸಿ, ಒಂದಿಂಚು ವ್ಯತ್ಯಾಸ ಇದ್ರೂ ಲೆಕ್ಕ ಎಲ್ಲಾ ಏರುಪೇರು.

ಫ್ಲೋಟನ್ನ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸಿ. ಒಳಗೆ ಗುಳುಗುಳು ಅಂತ ಸದ್ದು ಬಂದ್ರೆ ತೂತಾಗಿ ಡೀಸೆಲ್ ಕುಡಿದಿದೆ, ಅರ್ಧ ಮುಳುಗೇ ತೇಲುತ್ತೆ, ಮುಳ್ಳು ಯಾವತ್ತೂ ಫುಲ್ ಮುಟ್ಟಲ್ಲ. ಹಿತ್ತಾಳೆ ಬುರುಡೆಗಳಲ್ಲಿ ಇದು ಮಾಮೂಲಿ. ಸ್ಪಂಜಿನ ಥರದ ಕಪ್ಪು ಫ್ಲೋಟಲ್ಲಿ ಸದ್ದು ಬರಲ್ಲ, ಡೀಸೆಲ್ ಹೀರ್ಕೊಂಡು ಭಾರ ಆಗಿರುತ್ತೆ, ಒಂದು ಡಬ್ಬಿ ಡೀಸೆಲಲ್ಲಿ ತೇಲಿಬಿಟ್ಟು ನೋಡಿದ್ರೆ ಗೊತ್ತಾಗುತ್ತೆ. ಮತ್ತೆ ನೀರು ಬಂದಿದ್ದ ಟ್ಯಾಂಕ್ ನಿಮ್ದು, ತಳದಲ್ಲಿ ಕಪ್ಪಗೆ ಲೋಳೆ ಥರ ಏನಾದ್ರೂ ಇದ್ಯಾ ನೋಡಿ. ಡೀಸೆಲ್ ಕೆಳಗೆ ನೀರು ನಿಂತ್ರೆ ಆ ಎರಡರ ಮಧ್ಯದಲ್ಲಿ ಸಣ್ಣ ಸಣ್ಣ ಜೀವಿಗಳು ಬೆಳೆದು ಆ ಲೋಳೆ ಆಗುತ್ತೆ, ಅದು ಫಿಲ್ಟರೂ ಕಟ್ಟುತ್ತೆ, ಫ್ಲೋಟ್ ಕಂಬಿಗೂ ಅಂಟ್ಕೊಳುತ್ತೆ.

ಎರಡನೇ ತೊಂದರೆ ನಂಗೆ ಇನ್ನೂ ಇಷ್ಟದ್ದು, ಯಾಕಂದ್ರೆ ಇದರಲ್ಲಿ ಎಲ್ಲಾರೂ ಬೈಯೋದು ಬಂಕ್ ಹುಡುಗನ್ನ. ನಾಝಲ್ ತುದೀಲಿ ಒಂದು ಸಣ್ಣ ತೂತು ಇರುತ್ತೆ, ಗಮನಿಸಿದೀರಾ? ಡೀಸೆಲ್ ಹರಿಯುವಾಗ ಆ ತೂತಿಂದ ಗಾಳಿ ಒಳಕ್ಕೆ ಎಳೀತಿರುತ್ತೆ. ಡೀಸೆಲೋ ನೊರೆನೋ ಬಂದು ಆ ತೂತು ಮುಚ್ಚಿದ ತಕ್ಷಣ ಒಳಗೆ ವ್ಯಾಕ್ಯೂಮ್ ಆಗಿ ಟಕ್ ಅಂತ ಲಿವರ್ ಬಿದ್ದುಬಿಡುತ್ತೆ. ಕರೆಂಟೂ ಇಲ್ಲ ಸೆನ್ಸಾರೂ ಇಲ್ಲ, ಬರೀ ಗಾಳಿ ಲೆಕ್ಕ. ಅಂದ್ರೆ ನಾಝಲ್ ಕಟ್ ಆಯ್ತು ಅಂದ್ರೆ ಟ್ಯಾಂಕ್ ತುಂಬಿದೆ ಅಂತಲ್ಲ, ಕತ್ತಿನ ಹತ್ರ, ಅಂದ್ರೆ ಡೀಸೆಲ್ ಹಾಕೋ ಬಾಯಿಯ ಹತ್ರ, ಡೀಸೆಲ್ ನಿಂತಿದೆ ಅಂತ.

ನಿಂತಿದ್ದು ಯಾಕೆ? ಬಿಂದಿಗೆ ಬಾಯಿನ ನೀರಲ್ಲಿ ಸೀದಾ ಅದ್ದಿದ್ರೆ ಬುಳುಬುಳು ಅಂತ ಗುಳ್ಳೆ ಬಂದು ತಡವರಿಸ್ಕೊಂಡು ತುಂಬುತ್ತಲ್ಲ, ಒಳಗಿನ ಗಾಳಿ ಹೊರಗೆ ಬರೋಕೂ ಅದೇ ಬಾಯಿ, ನೀರು ಒಳಗೆ ಹೋಗೋಕೂ ಅದೇ ಬಾಯಿ. ಟ್ಯಾಂಕಿಗೆ ನಿಮಿಷಕ್ಕೆ 40 ಲೀಟರ್ ಡೀಸೆಲ್ ಹೋಗ್ತಿದ್ರೆ ನಿಮಿಷಕ್ಕೆ 40 ಲೀಟರ್ ಗಾಳಿ ಹೊರಗೆ ಬರ್ಬೇಕು. ಅದಕ್ಕೆ ಅಂತಲೇ ಡೀಸೆಲ್ ಒಳಗೆ ಹೋಗೋ ದಪ್ಪ ಪೈಪಿನ ಪಕ್ಕದಲ್ಲಿ ಕಿರುಬೆರಳು ದಪ್ಪದ ಇನ್ನೊಂದು ರಬ್ಬರ್ ಪೈಪ್ ಟ್ಯಾಂಕ್ ತಲೆಯಿಂದ ಮೇಲೆ ಕತ್ತಿನವರೆಗೂ ಬಂದಿರುತ್ತೆ, ಅದೇ ಬ್ರೀದರ್. ಅದು ಮಡಚ್ಕೊಂಡಿದ್ರೆ, ಕಟ್ಕೊಂಡಿದ್ರೆ ಗಾಳಿ ದಪ್ಪ ಪೈಪಲ್ಲೇ ಎದುರಿಗೆ ಬರುತ್ತೆ, ಡೀಸೆಲ್ ಮೊದಲೇ ನೊರೆ ಏಳೋ ಜಾತಿ, ಸೋಡಾ ಬಾಟ್ಲು ಥರ ಉಕ್ಕುತ್ತೆ. ನಿಮ್ಮದು ಇದೇ ಅಂತ ನಂಗೆ ಹತ್ತಕ್ಕೆ ಒಂಬತ್ತು ಪಾಲು ನಂಬಿಕೆ.

ಬಂಕಲ್ಲೇ ಒಂದು ಪರೀಕ್ಷೆ ಮಾಡಿ. ಟ್ರಿಗರ್ ಕಾಲು ಭಾಗ ಮಾತ್ರ ಒತ್ತಿ ಸಣ್ಣಗೆ ಬಿಡಕ್ಕೆ ಹೇಳಿ, ನಾಝಲ್ ಒಂದಿಂಚು ಹೊರಗೆ ಎಳ್ದು ಪಕ್ಕಕ್ಕೆ ವಾರೆ ತಿರುಗಿಸಿ. ಸಣ್ಣಗೆ ಬಿಟ್ರೆ ಕಟ್ ಆಗದೆ ಹೋಗುತ್ತೆ ಜೋರಾಗಿ ಬಿಟ್ರೆ ಕಟ್ ಆಗುತ್ತೆ ಅಂದ್ರೆ ಬ್ರೀದರ್ ಅರ್ಧ ಕಟ್ಟಿದೆ. ಸಣ್ಣಗೆ ಬಿಟ್ರೂ ಕಟ್ ಆಗುತ್ತೆ ಅಂದ್ರೆ ದಪ್ಪ ಪೈಪಲ್ಲೇ ಏನೋ ಅಡ್ಡ ಇದೆ. ಎಲ್ಲಾ ಗಾಡಿಗೂ ಕಟ್ ಆಗ್ತಿದ್ರೆ ಆ ನಾಝಲ್ಲೇ ಸರಿ ಇಲ್ಲ. ಲಾರಿಗಳಿಗೆ ಅಂತ ಫಾಸ್ಟ್ ನಾಝಲ್ ಇರೋ ಬಂಕುಗಳಲ್ಲಿ ನಮ್ಮ ಪಿಕಪ್‌ಗೆ ಅದನ್ನ ಹಾಕ್ಸಲೇಬೇಡಿ, ಒಳ್ಳೆ ಬ್ರೀದರ್ ಇದ್ರೂ ತಡೆಯಲ್ಲ.

ದಪ್ಪ ಪೈಪಿಗೆ ಏನು ಅಡ್ಡ ಬರುತ್ತೆ ಅಂತ ಕೇಳ್ತೀರಾ? ಡೀಸೆಲ್ ಕಳ್ಳರ ಕಾಟಕ್ಕೆ ಕತ್ತಿಗೆ ಒಂದು ಜಾಲರಿ ಹಾಕಿಸ್ತೀರಲ್ಲ, ಮೊದಲು ಅದನ್ನ ತೆಗೆದು ನೋಡಿ. ಧೂಳು, ಲೋಳೆ ಸೇರಿ ಕಾಫಿ ಬಟ್ಟೆ ಥರ ಆಗಿರುತ್ತೆ. ಎರಡನೇದು ರಬ್ಬರ್ ಹೋಸಿನ ಒಳಪದರ, ಹೊರಗಿಂದ ನೋಡಿದ್ರೆ ಹೊಸದಂಗೆ ಇರುತ್ತೆ, ಒಳಗೆ ಒಂದು ಪದರ ಕಿತ್ಕೊಂಡು ನಾಲಿಗೆ ಥರ ನೇತಾಡ್ತಿರುತ್ತೆ, ಡೀಸೆಲ್ ಬಂದ ತಕ್ಷಣ ಬಾಗಿಲು ಹಾಕಿದಂಗೆ ಮುಚ್ಕೊಳುತ್ತೆ. ಮೂರನೇದು, ಲೋಡ್ ಜಾಸ್ತಿ ಹೊಡೆಯೋಕೆ ಹಿಂದೆ ಲೀಫ್ ಪ್ಲೇಟ್ ಸೇರಿಸಿ ಗಾಡಿ ಎತ್ತರ ಮಾಡ್ಸಿರೋರು, ಬಾಡಿ ಬದಲಾಯಿಸಿ ಕತ್ತಿನ ಜಾಗ ಬದಲಾಯಿಸಿರೋರು, ಪೈಪಿಗೆ ಇಳಿಜಾರೇ ಇಲ್ಲದಂಗೆ ಮಾಡ್ಕೊಂಡಿರ್ತಾರೆ. ಮಧ್ಯದಲ್ಲಿ ಹೊಟ್ಟೆ ಬಿಟ್ಟು ಜೋತುಬಿದ್ದ ಪೈಪಲ್ಲಿ ಡೀಸೆಲ್ ನಿಂತ್ಕೊಂಡ್ರೆ ಗಾಳಿ ಹೋಗಲ್ಲ, ಬ್ರೀದರಿಗೂ ಇದೇ ಮಾತು.

ಬ್ರೀದರ್ ಟೆಸ್ಟ್ ಮಾಡೋಕೆ ಸೈಕಲ್ ಪಂಪ್ ತಗೊಳಿ. ಕತ್ತಿನ ಕಡೆ ತುದಿ ಬಿಚ್ಚಿ, ಅದಕ್ಕೆ ಪಂಪಿನ ಟ್ಯೂಬ್ ಬಟ್ಟೆ ಸುತ್ತಿ ಹಿಡ್ದು ಮೆಲ್ಲಗೆ ಒತ್ತಿ, ಇನ್ನೊಬ್ರು ಕ್ಯಾಪ್ ತೆಗೆದು ಟ್ಯಾಂಕ್ ಬಾಯಿಗೆ ಕಿವಿ ಇಡ್ಲಿ. ಒಳಗೆ ಗಾಳಿ ಬಂದ ಸದ್ದು ಕೇಳ್ಬೇಕು. ಪಂಪ್ ಕೈಗೆ ಗಟ್ಟಿಯಾಗಿ ವಾಪಸ್ ಒದ್ರೆ ಕಟ್ಟಿದೆ. ಪಂಕ್ಚರ್ ಅಂಗಡಿ ಕಂಪ್ರೆಸರ್ ಗಾಳಿ ಹಿಡೀಬೇಡಿ, ಅದು ನೂರು ಪಿಎಸ್ಐ ಮೇಲಿರುತ್ತೆ, ಬ್ರೀದರಲ್ಲಿ ಇರೋ ಸಣ್ಣ ವಾಲ್ವ್ ಒಡೆಯುತ್ತೆ, ಟ್ಯಾಂಕ್ ಜಾಯಿಂಟೂ ಬಿಡಬಹುದು. ಬಾಯಿಂದ ಊದೋದು ಎಳೆಯೋದು ಬೇಡವೇ ಬೇಡ, ಡೀಸೆಲ್ ಶ್ವಾಸಕೋಶಕ್ಕೆ ಹೋದ್ರೆ ಆಸ್ಪತ್ರೆ ಸೇರ್ಬೇಕಾಗುತ್ತೆ.

ಕಟ್ಟಿದೆ ಅಂತ ಆದ್ರೆ ಏನು ಸಿಗಬಹುದು? ನಾನು ಕಂಡಿರೋದು ಮೂರು. ಒಂದು, ಟ್ಯಾಂಕಿಗೂ ಚಾಸಿಗೂ ಮಧ್ಯೆ ಸಿಕ್ಕಿ ಚಪ್ಪಟೆ ಆಗಿರೋ ಪೈಪು. ಎರಡು, ಬನಿಯನ್ ವೇಸ್ಟು. ನಗಬೇಡಿ, ಟ್ಯಾಂಕ್ ಇಳಿಸಿದಾಗ ಧೂಳು ಹೋಗಬಾರದು ಅಂತ ಪೈಪಿನ ಬಾಯಿಗೆ ಬಟ್ಟೆ ತುರುಕ್ತೀವಿ, ಹತ್ತಿಸುವಾಗ ತೆಗೆಯೋದು ಮರೀತೀವಿ. ನೀಲಿ ಬನಿಯನ್ ತುಂಡು ಒಂದನ್ನ ನಾನೇ ಒಂದು ಗಾಡಿಯಿಂದ ಇಕ್ಕಳದಲ್ಲಿ ಎಳೆದಿದೀನಿ, ಅಂಗೈ ಅಗಲ ಇತ್ತು. ಮೂರು, ತುದಿ ಹೊರಗೆ ಬಿಟ್ಟಿರೋ ಬ್ರೀದರ್ ಆದ್ರೆ ಕಣಜದ ಗೂಡು. ಗಾಡಿ ಸೀಸನ್ ಇಲ್ದೆ ಎರಡು ತಿಂಗಳು ಮರದ ಕೆಳಗೆ ನಿಂತಿತ್ತು ಅಂದ್ರೆ ಆ ಪೈಪಿನ ತೂತು ಕಣಜಕ್ಕೆ ಹೇಳಿ ಮಾಡಿಸಿದ ಮನೆ, ಮಣ್ಣು ಮೆತ್ತಿ ಸಿಮೆಂಟ್ ಹಾಕಿದಂಗೆ ಮುಚ್ಚಿರುತ್ತೆ. ತಂತಿ ಹಾಕಿ ಒಳಕ್ಕೆ ತಳ್ಳಬೇಡಿ, ಆ ಮಣ್ಣು ಟ್ಯಾಂಕಿಗೆ ಬಿದ್ರೆ ಫಿಲ್ಟರಿಗೆ ಕಂಟಕ. ಪೈಪೇ ಬಿಚ್ಚಿ ತೊಳೀರಿ.

ಈಗ ನಿಮಗೆ ನೀರು ಹೆಂಗೆ ಬಂತು ಅನ್ನೋದನ್ನೂ ಒಂದ್ಸಲ ಯೋಚಿಸಿ. ಬಂಕಿಂದ ಬಂತು ಅಂತ ತೀರ್ಮಾನ ಮಾಡ್ಕೊಂಡಿರ್ತೀರಿ. ಇರ್ಬಹುದು, ಇಲ್ದೇನೂ ಇರ್ಬಹುದು. ತುದಿ ಹೊರಗೆ ಬಿಟ್ಟಿರೋ ಬ್ರೀದರ್ ಆಗಿದ್ದು, ಆ ತುದಿ ಕ್ಲಿಪ್ ಕಳಚಿ ಹಿಂದಿನ ಚಕ್ರದ ಹತ್ರ ಜೋತಾಡ್ತಿದ್ರೆ ಮಳೇಲಿ ತೋಟದ ರಸ್ತೆ ಕೆಸರೆಲ್ಲಾ ನೇರ ಅಲ್ಲಿಗೇ ಹೊಡೆಯುತ್ತೆ. ಕ್ಯಾಪಿನ ರಬ್ಬರ್ ವಾಷರ್ ಒಡೆದಿದ್ರೆ ಕ್ರೇಟ್ ತೊಳೆದಾಗ ನೀರು ಹೋಗುತ್ತೆ. ಹಳೇ ಕಾರಣ ಹಂಗೇ ಬಿಟ್ಟು ಟ್ಯಾಂಕ್ ಮಾತ್ರ ತೊಳೆದಿದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ನೀರು. ತುದೀನ ಚಾಸಿ ಮೇಲ್ಗಡೆ, ಎಷ್ಟು ಎತ್ತರ ಆಗುತ್ತೋ ಅಷ್ಟು ಎತ್ತರಕ್ಕೆ ಕಟ್ಟಿಸಿ.

ಕ್ಯಾಪ್ ಅಂದಾಗ ನೆನಪಾಯ್ತು, ಕ್ಯಾಪ್ ತೆಗೆದಾಗ ಪುಸ್ ಅಂತ ಗಾಳಿ ಒಳಗೆ ಎಳ್ಕೊಳುತ್ತಾ? ನಲವತ್ತು ಐವತ್ತು ಕಿಲೋಮೀಟರ್ ಓಡಿದ ಮೇಲೆ ಗಾಡಿ ಎಳೆಯೋದು ಬಿಟ್ಟು ಆಫ್ ಆಗಿ, ಕ್ಯಾಪ್ ತೆಗೆದು ಹಾಕಿದ್ರೆ ಮತ್ತೆ ಸ್ಟಾರ್ಟ್ ಆಗುತ್ತಾ? ಹಂಗಿದ್ರೆ ಡೀಸೆಲ್ ಖಾಲಿ ಆದ ಜಾಗಕ್ಕೆ ಗಾಳಿ ಒಳಗೆ ಬರೋ ದಾರೀನೂ ಮುಚ್ಚಿದೆ. ಕೆಲವರು ಇದಕ್ಕೆ ಕ್ಯಾಪಿಗೆ ಮೊಳೆ ಹೊಡ್ದು ತೂತು ಮಾಡ್ತಾರೆ, ದಯವಿಟ್ಟು ಬೇಡ, ನೀರಿಗೆ ನೀವೇ ದಾರಿ ಮಾಡಿಕೊಟ್ಟಂಗೆ.

ಎರಡು ತೊಂದರೆ ಒಂದಕ್ಕೊಂದು ಹೆಂಗೆ ಗಂಟು ಬೀಳುತ್ತೆ ಅಂತಲೂ ಹೇಳ್ಬಿಡ್ತೀನಿ. ನಾಝಲ್ ಕಟ್ ಆಯ್ತು, ನೊರೆ ಬಂತು, ಫುಲ್ ಆಯ್ತು ಅಂತ ನೀವೂ ಬಂಕ್ ಹುಡುಗನೂ ಒಪ್ಕೊಂಡ್ರಿ, ಆದ್ರೆ ಟ್ಯಾಂಕ್ ತಲೇಲಿ ಗಾಳಿ ಸಿಕ್ಕಾಕೊಂಡು ಹತ್ತು ಲೀಟರ್ ಜಾಗ ಇನ್ನೂ ಖಾಲಿ ಇರಬಹುದು. ಆಗ ಮುಳ್ಳು ಮುಕ್ಕಾಲು ತೋರಿಸಿದ್ರೆ ಮುಳ್ಳೇ ಸತ್ಯ ಹೇಳ್ತಿರೋದು! ಅದಕ್ಕೇ ಬಿಲ್ ಇಟ್ಕೊಳಿ, ಎಷ್ಟು ಲೀಟರ್ ಹಿಡೀತು ಅಂತ ಟ್ಯಾಂಕ್ ಕೆಪಾಸಿಟಿ ಜೊತೆ ಹೋಲಿಸಿ. ಬಂಕ್ ಅಳತೆ ಮೇಲೆ ಅನುಮಾನ ಇದ್ರೆ ಸುಮ್ಮನೆ ಜಗಳ ಆಡ್ಬೇಡಿ, ಪ್ರತಿ ಬಂಕಲ್ಲೂ ಅಳತೆ ಇಲಾಖೆ ಮುದ್ರೆ ಇರೋ ಐದು ಲೀಟರ್ ಕ್ಯಾನ್ ಇರುತ್ತೆ, ಅದರಲ್ಲಿ ಹಿಡಿದು ತೋರ್ಸಿ ಅಂತ ಕೇಳೋ ಹಕ್ಕು ನಿಮಗಿದೆ. ಇನ್ನು ಬುಕ್ಕಲ್ಲಿ ಬರೆದಿರೋ ಕೆಪಾಸಿಟಿಗಿಂತ ಒಂದೆರಡು ಲೀಟರ್ ಜಾಸ್ತಿ ಹಿಡಿದ್ರೆ ಮೋಸ ಅಂತ ಕೂಗಾಡ್ಬೇಡಿ, ಕತ್ತಿನ ಪೈಪಲ್ಲೂ ಮೇಲೆ ಬಿಟ್ಟಿರೋ ಖಾಲಿ ಜಾಗದಲ್ಲೂ ಅಷ್ಟು ಹಿಡಿಯುತ್ತೆ. ಆ ಖಾಲಿ ಜಾಗ ಬಿಟ್ಟಿರೋದು ಬಿಸಿಗೆ ಡೀಸೆಲ್ ಹಿಗ್ಗುತ್ತೆ ಅಂತ, 60 ಲೀಟರ್ ಡೀಸೆಲ್ 10 ಡಿಗ್ರಿ ಬಿಸಿ ಆದ್ರೆ ಅರ್ಧ ಲೀಟರ್ ಹತ್ರ ಹಿಗ್ಗುತ್ತೆ, ಬೆಳಗಿನ ಜಾವ ಬಾಯಿವರೆಗೂ ತುಂಬಿಸಿ ಮಧ್ಯಾಹ್ನ ಮಂಡಿ ಬಿಸಿಲಲ್ಲಿ ನಿಲ್ಲಿಸಿದ್ರೆ ಕೆಳಗೆ ತೊಟ್ಟಿಕ್ಕೋದು ಅದೇ.

ಈಗ ನೀವು ಮಾಡ್ಬೇಕಾಗಿರೋದು. ಅರ್ತಿಂಗ್ ಇವತ್ತೇ ನೋಡಿ, ಅದಕ್ಕೆ ಟ್ಯಾಂಕ್ ಇಳಿಸೋ ಅವಶ್ಯಕತೆ ಇಲ್ಲ. ಅಲ್ಲೀವರೆಗೂ ಮುಳ್ಳನ್ನ ನಂಬಬೇಡಿ, ಡೀಸೆಲ್ ಹಾಕಿಸಿದಾಗೆಲ್ಲಾ ಟ್ರಿಪ್ ಮೀಟರ್ ಸೊನ್ನೆ ಮಾಡಿ, ನಿಮ್ಮ ಲೋಡ್ ಮೈಲೇಜ್ ಲೆಕ್ಕ ಹಾಕಿ ಹತ್ತು ಲೀಟರ್ ಉಳಿದಿರೋ ಹಂಗೇ ಮತ್ತೆ ಹಾಕಿಸಿ. ಡೀಸೆಲ್ ಗಾಡಿ ರೋಡಲ್ಲಿ ಡ್ರೈ ಆದ್ರೆ ಬರೀ ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಮಾಡೋ ಕಷ್ಟ ಅಲ್ಲ, ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸೋ ಕಾಮನ್ ರೈಲ್ ಪಂಪಿಗೆ ಡೀಸೆಲ್ಲೇ ಆಯಿಲ್ ಇದ್ದಂಗೆ, ಒಣಗಿ ತಿರುಗಿದ್ರೆ ಪಂಪ್ ಸವೆಯುತ್ತೆ, ಅದರ ಮುಂದೆ ನಿಮ್ಮ ಎಂಟು ಸಾವಿರ ಏನೇನೂ ಅಲ್ಲ.

ಟ್ಯಾಂಕ್ ಇಳಿಸೋ ದಿನ ಡೀಸೆಲ್ ಕಾಲು ಟ್ಯಾಂಕಿಗಿಂತ ಕಮ್ಮಿ ಇರಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಹತ್ರ ಬೀಡಿ ಸಿಗರೇಟ್ ಬೇಡ. ಟ್ಯಾಂಕಲ್ಲಿ ತೂತು ಕಂಡ್ರೆ ಖಾಲಿ ಇದೆಯಲ್ಲಾ ಅಂತ ಅಲ್ಲೇ ವೆಲ್ಡಿಂಗ್ ಹಿಡಿಯೋಕೆ ಯಾರಾದ್ರೂ ಬಂದ್ರೆ ಬಿಡ್ಬೇಡಿ, ತುಂಬಿದ ಟ್ಯಾಂಕಿಗಿಂತ ಆವಿ ತುಂಬಿರೋ ಖಾಲಿ ಟ್ಯಾಂಕೇ ಬಾಂಬು. ಇಳಿಸೋಕೆ ಮುಂಚೆ ಪಕ್ಕದಿಂದ ಮೊಬೈಲ್ ತೂರಿಸಿ ಟಾರ್ಚ್ ಹಾಕಿ ನಾಲ್ಕು ಫೋಟೋ ತೆಗೀರಿ, ಪೈಪ್ ಎಲ್ಲಿ ಮಡಚಿದೆ ಅಂತ ಇಳಿಸಿದ ಮೇಲೆ ಗೊತ್ತಾಗಲ್ಲ, ಅದು ತಾನಾಗೇ ನೆಟ್ಟಗಾಗಿಬಿಟ್ಟಿರುತ್ತೆ. ಯೂನಿಟ್ ಕೆಳಗಿನ ರಬ್ಬರ್ ಗ್ಯಾಸ್ಕೆಟ್ ಹಳೇದನ್ನ ಮತ್ತೆ ಹಾಕ್ಬೇಡಿ. ಹತ್ತಿಸುವಾಗ ಬೆಲ್ಟ್ ಪೂರ್ತಿ ಟೈಟ್ ಮಾಡೋಕೆ ಮುಂಚೆ, ಟ್ಯಾಂಕ್ ಜಾಕಿ ಮೇಲಿರುವಾಗ್ಲೇ ಸೈಕಲ್ ಪಂಪ್ ಇನ್ನೊಂದ್ಸಲ ಹಾಕಿ ಬ್ರೀದರ್ ನೋಡಿ. ಟೈಟ್ ಮಾಡಿದ ಮೇಲೆ ಮತ್ತೊಂದ್ಸಲ. ಮೊದಲನೇ ಸಲ ಗಾಳಿ ಹೋಗಿ ಎರಡನೇ ಸಲ ಹೋಗಲಿಲ್ಲ ಅಂದ್ರೆ ಪೈಪ್ ಎಲ್ಲಿ ಸಿಕ್ಕಾಕೊಂಡಿದೆ ಅಂತ ಅಲ್ಲೇ ಸಿಗುತ್ತೆ. ಆಮೇಲೆ ಕ್ಯಾನಲ್ಲಿ ಐದೈದು ಲೀಟರ್ ಹಾಕ್ತಾ, ಪ್ರತಿ ಸಲ ಮುಳ್ಳು ಎಲ್ಲಿಗೆ ಬಂತು ಅಂತ ಒಂದು ಚೀಟೀಲಿ ಬರ್ಕೊಂಡು ಸನ್ ವೈಸರಿಗೆ ಸಿಕ್ಕಿಸಿ. ಪಿಕಪ್ ಟ್ಯಾಂಕ್ ಆಕಾರ ಚಚ್ಚೌಕ ಇರಲ್ಲ, ಅರ್ಧ ಮುಳ್ಳು ಅಂದ್ರೆ ಅರ್ಧ ಡೀಸೆಲ್ ಅಂತ ಯಾವ ಗಾಡೀಲೂ ಸರಿಯಾಗಿ ಇರಲ್ಲ, ಆ ಚೀಟಿನೇ ನಿಮ್ಮ ಗಾಡಿಯ ಲೆಕ್ಕ.